ಇಪ್ಪತ್ತೊಂದನೆಯ ತೆನೆ

ತೆನೆಗಳನ್ನು ಕತ್ತರಿಸುವ ಕೆಲಸವನ್ನು ನನಗೆ ಒಪ್ಪಿಸಿದವರು ಯಾರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅಜ್ಜಿ ಎಂದು ನಾನು ಹೇಳುತ್ತೇನೆ. ತಾನೇ ಎನ್ನುತ್ತಾಳೆ ಅಮ್ಮ. ಅಪ್ಪನ ಪ್ರಕಾರ ಯಾರೂ ಒಪ್ಪಿಸಲಿಲ್ಲ. ಬೀಡಿ ಎಲೆ ಕತ್ತರಿಸುವ ಅಮ್ಮನ ಕತ್ತರಿಯನ್ನು ಮುಟ್ಟಲು ನನಗೆ ಬೇರೆ ದಿನ ಬಿಡುತ್ತಿರಲಿಲ್ಲವಾದ್ದರಿಂದ ನಾನೇ ಮುಂದೆ ಬಿದ್ದೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಮೂವರು ಸಾಕ್ಷಿಗಳು ಮೂರು ಮಾತು ಹೇಳಿದರೆ ಹೇಗೆ ಯೋಚಿಸಬೇಕೆಂದು ಪ್ರತಿ ವರ್ಷವೂ ಹೊಸ ಮಕ್ಕಳಿಗೆ ವಿವರಿಸುತ್ತೇನೆ. ನಾಲ್ಕನೆಯ ಸಾಕ್ಷಿಯಾಗಿದ್ದ ಅಜ್ಜಿ ತೀರಿಕೊಂಡಿದ್ದಾಳೆ. ಹೀಗಾಗಿ ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿದ್ದು ಎಂದು ಆಣೆ ಮಾಡಿ ಹೇಳಲಾರೆ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಅವರೆಲ್ಲ ಕನ್ನಡದಲ್ಲಿ ಮಾತನಾಡುತ್ತಿದ್ದಾರೆ ಎಂದರೆ ಅಷ್ಟರ ಮಟ್ಟಿಗೆ ನಾನು ಆಗಲೇ ಕೈ ಹಾಕಿಯಾಗಿದೆ. ಹೆದರಿಕೆಯೊಂದನ್ನು ಮಾತ್ರ ನಾನು ಸೇರಿಸಿದ್ದಲ್ಲ. ಅದು ಆಗ ಹೇಗಿತ್ತೋ ಈಗಲೂ ಹಾಗೆಯೇ, ಪಕ್ಕೆಲುಬಿನ ಕೆಳಗೆ, ಎಡಗಡೆ.

ಕಟಪಾಡಿ ಪೇಟೆಯಿಂದ ಪಡುವಣಕ್ಕೆ ಒಂದಿಷ್ಟು ನಡೆದರೆ ನೀರು ಹರಿಯುವ ತೋಡಿನ ಬದಿಯಲ್ಲಿ ನಮ್ಮ ಹಂಚಿನ ಮನೆ. ಮುಂದೆ ಜಗಲಿ, ಅದರ ಹಿಂದೆ ಕಿಟಕಿಯೇ ಇಲ್ಲದ ನಡುಕೋಣೆ, ಅದರ ಹಿಂದೆ ಹೊಗೆ ತುಂಬಿದ ಅಡುಗೆಕೋಣೆ. ಜಗಲಿಯಲ್ಲಿ ಅಮ್ಮ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಡುಕೋಣೆಯ ಮಾಡಿನ ತೊಲೆಗೆ ಒಂದು ಮರದ ತೊಟ್ಟಿಲು ತೂಗುಹಾಕಿತ್ತು. ನಾನು ಮಲಗಿದ್ದು ಅದರಲ್ಲೇ, ನನ್ನ ನಂತರ ತಂಗಿ ಶ್ವೇತಾ. ಆಗ ಅವಳಿಗೆ ನಾಲ್ಕು ವರ್ಷ, ನನಗೆ ಹನ್ನೊಂದು. ಮಲಗುವ ಪ್ರಾಯ ದಾಟಿದ್ದರೂ ಸಿಟ್ಟು ಬಂದಾಗ ಅವಳು ಹತ್ತಿ ಕೂರುತ್ತಿದ್ದುದು ಅದರೊಳಗೇ. ಗಂಜಿಗೆ ಒಣಮೀನಿನ ಚಟ್ನಿ ಬಡಿಸಿದ ವಾಸನೆ ಬರುವವರೆಗೆ ಇಳಿಯುತ್ತಿರಲಿಲ್ಲ.

ಅಪ್ಪ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಅಟೆಂಡರ್ ಆಗಿದ್ದ. ಆ ವರ್ಷ ಅವನಿಗೆ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕಿತು. ಮೂರನೆಯ ಮಹಡಿ. ನಮ್ಮ ಸಾಮಾನಿನಲ್ಲಿ ಅರ್ಧವೂ ಅಲ್ಲಿ ಹಿಡಿಯುವಂತಿರಲಿಲ್ಲ. ಗುಜರಿಯವನಿಗೆ ಕೊಡೋಣವೆಂದು ಅಮ್ಮ, ನೆಂಟರಿಗೆ ಹಂಚೋಣವೆಂದು ಅಜ್ಜಿ. ಅಪ್ಪ ಮಾತ್ರ ಮಣಿಪಾಲದಲ್ಲಿ ಕಂಡ ಒಂದು ಸಂಗತಿಯನ್ನು ತಲೆಯಲ್ಲಿಟ್ಟುಕೊಂಡು ಬಂದಿದ್ದ.

"ಆ ಫಾರಿನ್ನಿನ ಗಂಡ ಹೆಂಡತಿ ಊರಿಗೆ ಹೋಗುವಾಗ ಮನೆಯ ಸಾಮಾನೆಲ್ಲ ಅಂಗಳದಲ್ಲಿ ಇಟ್ಟರು. ಒಂದೊಂದಕ್ಕೂ ಚೀಟಿ. ಮಧ್ಯಾಹ್ನದೊಳಗೆ ಎಲ್ಲ ಖಾಲಿ, ಗೊತ್ತುಂಟಾ? ಅದಕ್ಕೆ ಯಾರ್ಡ್ ಸೇಲ್ ಅಂತ ಹೆಸರು."

"ಅವರು ವಿಮಾನ ಹತ್ತಿದರೆ ಮುಗೀತು," ಎಂದಳು ಅಮ್ಮ. "ನಾವು ನಾಳೆ ಇದೇ ಬಸ್ಸಿನಲ್ಲಿ ಇದೇ ಜನರ ಮುಖ ನೋಡಬೇಕು."

"ನೋಡಿದರೆ ಎಂತ ಆಗ್ತದೆ? ನಮ್ಮದೇ ಸಾಮಾನು ಅಲ್ವಾ? ಕದ್ದದ್ದಾ?"

ಈ ಜಗಳ ಎರಡು ದಿನ ನಡೆಯಿತು. ಅಜ್ಜಿ, ಅಂದರೆ ಅಮ್ಮನ ಅಮ್ಮ, ಅಷ್ಟೂ ಹೊತ್ತು ಎಲೆಅಡಿಕೆ ಕುಟ್ಟುತ್ತಾ ಕುಳಿತಿದ್ದಳು. ಕೊನೆಗೆ ಒಂದೇ ಮಾತು ಹೇಳಿದಳು.

"ಮಾರುವುದಾದರೆ ಮಾರಿ. ತೆನೆ ಬಿಚ್ಚಿ ಮಾರಿ."

ನಮ್ಮ ಕಡೆ ತೆನೆಹಬ್ಬದ ದಿನ ಗದ್ದೆಯಿಂದ ಹೊಸ ತೆನೆ ತರುತ್ತಾರೆ. ಒಂದೊಂದು ತೆನೆಗೂ ಮಾವಿನ ಎಲೆ, ಬಿದಿರಿನ ಎಲೆ ಸೇರಿಸಿ, ಮರದ ತೊಗಟೆಯ ನಾರಿನಿಂದ ಸುತ್ತಿ, ಮನೆಯ ಮುಖ್ಯ ಸಾಮಾನುಗಳಿಗೆಲ್ಲ ಕಟ್ಟುತ್ತಾರೆ. ಕಟ್ಟುವಾಗ 'ಪೊಲಿ, ಪೊಲಿ' ಎನ್ನಬೇಕು. ತುಂಬಲಿ, ಹೆಚ್ಚಲಿ ಎಂದು ಅರ್ಥ. ನಮಗೆ ಗದ್ದೆ ಇರಲಿಲ್ಲ. ಅಜ್ಜಿ ಯಾರದೋ ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ನಿಂತು ಕೇಳಿ ತರುತ್ತಿದ್ದಳು. ಅಕ್ಕಿ ಡಬ್ಬಿಗೆ, ಕಡೆಯುವ ಕಲ್ಲಿಗೆ, ಮಂಚಕ್ಕೆ, ಅಪ್ಪನ ಸೈಕಲ್ಲಿಗೆ, ಬೀಡಿ ಗೆರಸೆಗೆ, ರೇಡಿಯೋದ ಏರಿಯಲ್ಲಿಗೆ, ತೊಟ್ಟಿಲ ಹಗ್ಗಕ್ಕೆ. ಮುಂದಿನ ಹಬ್ಬದವರೆಗೆ ಅವು ಅಲ್ಲಲ್ಲೇ ಒಣಗಿ, ಅಡುಗೆಕೋಣೆಯ ಹೊಗೆ ಹಿಡಿದು ಕಪ್ಪಾಗಿ ನೇತಾಡುತ್ತಿದ್ದವು. ಮನೆಯ ಧೂಳಿನ ಹಾಗೆ ನಾವು ಅವನ್ನು ಗಮನಿಸುತ್ತಲೇ ಇರಲಿಲ್ಲ.

"ಬಾಗಿಲಿನದ್ದು, ಬಾವಿಯದ್ದು ಬಿಡು," ಎಂದಳು ಅಜ್ಜಿ ನನಗೆ. "ಸಾಮಾನಿನದ್ದು ಇಪ್ಪತ್ತೊಂದು ಉಂಟು. ಎಲ್ಲ ಕತ್ತರಿಸಿ ನನ್ನ ಕೈಗೆ ಕೊಡು. ಹೊರಡುವ ದಿನ ಹೊಳೆಗೆ ಬಿಡುವ. ತೆನೆಯೊಟ್ಟಿಗೆ ಸಾಮಾನು ಹೊರಗೆ ಹೋದರೆ ಮನೆಯ ಪೊಲಿ ಅದರ ಹಿಂದೆಯೇ ಹೋಗ್ತದೆ ಮಗಾ. ತೊಟ್ಟಿಲಿನದ್ದು ಹೋದರೆ ಮಗುವಿಗೇ ಕಷ್ಟ."

ಈ ಕೊನೆಯ ವಾಕ್ಯವನ್ನು ಅಜ್ಜಿ ಆಗಲೇ ಹೇಳಿದಳೋ, ಶ್ವೇತಾಳಿಗೆ ಜ್ವರ ಬಂದ ನಂತರ ನಾನೇ ಅವಳ ಬಾಯಿಯಲ್ಲಿ ಇಟ್ಟೆನೋ ಗೊತ್ತಿಲ್ಲ. ಎಷ್ಟು ಸಲ ನೆನಪಿಸಿಕೊಂಡರೂ ಅಜ್ಜಿಯ ತುಟಿ ಅಲುಗಾಡುವುದು ಕಾಣುತ್ತದೆ, ದನಿ ಮಾತ್ರ ನನ್ನದೇ ಕೇಳುತ್ತದೆ.

ಆ ಭಾನುವಾರ ನಾನು ಎದ್ದು ಹಲ್ಲುಜ್ಜುವಷ್ಟರಲ್ಲಿ ಅಪ್ಪ ಅರ್ಧ ಮನೆಯನ್ನು ಅಂಗಳಕ್ಕೆ ತಂದಿಟ್ಟಿದ್ದ. ಸಗಣಿ ಸಾರಿಸಿದ ಅಂಗಳದ ತುಂಬ ಹಂಡೆ, ಮರಿಗೆ, ಕುರ್ಚಿ, ಚಾಪೆ, ಗಡಿಯಾರ. ಎಲ್ಲಕ್ಕೂ ನನ್ನ ಹಳೆಯ ನೋಟ್‌ಬುಕ್ಕಿನ ಹಾಳೆಯ ಚೀಟಿ. ನಡುಕೋಣೆಯ ಕತ್ತಲಲ್ಲಿ ದೊಡ್ಡದಾಗಿ ಗಂಭೀರವಾಗಿ ಕಾಣುತ್ತಿದ್ದ ಸಾಮಾನುಗಳು ಬಿಸಿಲಿಗೆ ಬಂದ ಕೂಡಲೇ ಸಣ್ಣವಾಗಿ, ಗೀರು ಬಿದ್ದು, ಬಡವಾಗಿ ಕಂಡವು. ನನಗೆ ಮೊದಲು ಹೆದರಿಕೆಯಾದದ್ದು ಆಗ. ನಮ್ಮನ್ನು ಯಾರೋ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು. ಕತ್ತರಿ ಹಿಡಿದು ಒಂದರಿಂದ ಒಂದಕ್ಕೆ ಓಡುತ್ತಾ ತೆನೆ ಹುಡುಕಿದೆ. ಕತ್ತರಿಸಿದ್ದನ್ನು ಅಪ್ಪ ಮೈ ಒರೆಸುತ್ತಿದ್ದ ಹಳೆಯ ಬೈರಾಸಿನಲ್ಲಿ ಹಾಕಿ ಗಂಟು ಕಟ್ಟಿ ಹೆಗಲಿಗೆ ಸಿಕ್ಕಿಸಿಕೊಂಡಿದ್ದೆ. ಅಷ್ಟರಲ್ಲೇ ಜನ ಬಂದರು.

ಬಂದವರು ಗೇಟಿನ ಹೊರಗೇ ನಿಂತರು. ಯಾರೂ ಮೊದಲು ಒಳಗೆ ಬರಲೊಲ್ಲರು. ಇನ್ನೊಬ್ಬರ ಮನೆಯ ಹಳೆಯ ಪಾತ್ರೆ ಕೊಂಡೆವೆಂದು ನೆರೆಯವರು ನೋಡಬಾರದಲ್ಲ. ಪಕ್ಕದ ಮನೆಯ ಲೀಲಕ್ಕ, ಕಟ್ಟಿದ ಬೀಡಿ ಕೊಡಲು ಅಮ್ಮನ ಜತೆ ಬ್ರಾಂಚಿಗೆ ಹೋಗುತ್ತಿದ್ದವಳು, ಕೊನೆಗೆ ಗೇಟು ತಳ್ಳಿದಳು.

"ಎಂತ ಮಾರಾಯ್ತಿ, ಮನೆ ಹರಾಜಾ? ನನಗೊಂದು ಮಾತು ಹೇಳುವುದಲ್ವಾ? ಒಂದು ಗ್ಲಾಸ್ ಶರಬತ್ತಾದರೂ ಮಾಡಿ ತರ್ತಿದ್ದೆ."

ಅಂಗಳದಲ್ಲಿ ಎರಡು ಸುತ್ತು ಹಾಕಿ, ತೆಂಗಿನಕಾಯಿ ಹೆರೆಯುವ ಮಣೆಯ ಎದುರು ನಿಂತಳು.

"ಇದು ನಮ್ಮದಲ್ವಾ? ನಿಮ್ಮ ಶ್ವೇತನ ಹೆಸರಿಡುವ ದಿನ ಕಾಯಿ ಹೆರೆಯಲಿಕ್ಕೆ ಕೊಟ್ಟದ್ದು."

ಅದು ನಮ್ಮದೇ ಆಗಿತ್ತು. ಅಮ್ಮನಿಗೂ ಗೊತ್ತಿತ್ತು, ನನಗೂ. ಅಮ್ಮ ಲೀಲಕ್ಕನ ಮುಖ ನೋಡಿದಳು, ಮಣೆ ನೋಡಿದಳು, ಚೀಟಿ ಕಿತ್ತು ಕೊಟ್ಟುಬಿಟ್ಟಳು. ಅದರಲ್ಲಿದ್ದ ತೆನೆಯನ್ನು ನಾನು ಲೀಲಕ್ಕನ ಕೈಯೊಳಗಿಂದಲೇ ಕತ್ತರಿಸಿಕೊಂಡೆ. ಅಲ್ಲಿಂದ ಶುರುವಾಯಿತು. ಒಬ್ಬರಿಗೆ ತಮ್ಮ ಚೊಂಬು ಸಿಕ್ಕಿತು, ಇನ್ನೊಬ್ಬರಿಗೆ ತಮ್ಮ ಏಣಿ. ಕೆಲವು ನಿಜವಾಗಿಯೂ ಅವರವೇ. ನಮ್ಮಲ್ಲಿ ಎರವಲು ತಂದದ್ದು ಹಿಂದಿರುಗದೆ ಉಳಿದುಬಿಡುವುದು ಇತ್ತು. ಎಲ್ಲ ಮುಗಿದ ಮೇಲೆ ಅಪ್ಪ ರೇಗಿದ.

"ನಮ್ಮದೇ ಮಣೆ, ಸುಮ್ಮನೆ ಕೊಟ್ಟೆಯಲ್ಲ. ಬಾಯಿ ಇಲ್ವಾ ನಿನಗೆ?"

"ನಮ್ಮದು ಅಂತ ಒಬ್ಬರು ಎದುರು ನಿಂತು ಹೇಳಿದ ಮೇಲೆ ಎಂತ ಹೇಳುವುದು? ಸುಳ್ಳು ಅನ್ನುವುದಾ?" ಎಂದಳು ಅಮ್ಮ.

ಅದಕ್ಕೆ ಮೊದಲು, ಬಿಸಿಲು ಏರಿದ ಮೇಲೆ, ಹೆದ್ದಾರಿಯ ಆಚೆ ಶೆಡ್ಡುಗಳಲ್ಲಿದ್ದ ಗಂಡ ಹೆಂಡತಿ ಬಂದಿದ್ದರು. ಬಡಗಣ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರನ್ನು ನಾವು 'ಘಟ್ಟದವರು' ಎನ್ನುತ್ತಿದ್ದೆವು. ಅವರು ಮಕ್ಕಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ ಎಂಬುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೆಂಗಸಿನ ಹೆಸರು ರೇಣವ್ವ. ಸೊಂಟದಲ್ಲಿ ನಾಲ್ಕೈದು ತಿಂಗಳ ಮಗು. ಅವಳು ಗೇಟಿನ ಹೊರಗಿನಿಂದಲೇ ತೊಟ್ಟಿಲನ್ನು ತೋರಿಸಿದಳು.

"ಆ ತೊಟ್ಲಾ ಕೊಡ್ತೀರೇನ್ರಿ ಅವ್ವಾರ? ಸೀರಿಯೊಳಗ ಕೂಸು ನಿಂದರವಲ್ದು."

ಅಪ್ಪ ಚೀಟಿ ಓದಲು ಬಾಯಿ ತೆರೆದ. ಅಜ್ಜಿ ಜಗಲಿಯಿಂದ ತಡೆದಳು. "ತೊಟ್ಟಿಲಿಗೆ ಕ್ರಯ ಹೇಳಬಾರದು. ಅವಳ ಕೈಯಲ್ಲಿ ಇದ್ದದ್ದು ಇಡಲಿ." ರೇಣವ್ವ ಸೆರಗಿನ ಗಂಟು ಬಿಚ್ಚಿ ಏನೋ ಇಟ್ಟಳು. ಗಂಡ ತೊಟ್ಟಿಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತ. ಆ ಹೊತ್ತಿಗೆ ನಾನು ಮಂಚದ ಕೆಳಗೆ ನುಸುಳಿ ಅದರ ಕಾಲಿನ ತೆನೆ ಕತ್ತರಿಸುತ್ತಿದ್ದೆ. ಹೊರಗೆ ಬಂದು ನೋಡಿದಾಗ ಅವರು ತೋಡಿನ ಮೇಲಿನ ಸಂಕ ದಾಟುತ್ತಿದ್ದರು. ತೊಟ್ಟಿಲ ಹಗ್ಗ ಅವನ ಬೆನ್ನಿನ ಮೇಲೆ ಇಳಿಬಿದ್ದಿತ್ತು. ಅದರ ತುದಿಯಲ್ಲಿ ಏನೋ ಕಪ್ಪಗೆ ಅಲುಗಾಡುತ್ತಿತ್ತು. ಅಥವಾ ಅಲುಗಾಡುತ್ತಿರಲಿಲ್ಲ.

ಮಧ್ಯಾಹ್ನ ಜಗಲಿಯ ಮೂಲೆಯಲ್ಲಿ ಕುಳಿತು ಬೈರಾಸು ಬಿಚ್ಚಿ ಎಣಿಸಿದೆ. ಇಪ್ಪತ್ತು. ಮತ್ತೆ ಎಣಿಸಿದೆ. ಒಂದೊಂದನ್ನೂ ಎತ್ತಿ ಇದು ರೇಡಿಯೋದ್ದು, ಇದು ಸೈಕಲ್ಲಿನದ್ದು ಎಂದು ಸಾಲಾಗಿ ಇಟ್ಟೆ. ತೊಟ್ಟಿಲಿನದ್ದು ಎಂದು ಇಡಲು ಏನೂ ಉಳಿಯಲಿಲ್ಲ.

"ಇಪ್ಪತ್ತೊಂದು ಆಯಿತಾ ಮಗಾ?" ಒಳಗಿನಿಂದ ಅಜ್ಜಿ ಕೇಳಿದಳು.

"ಆಯಿತು ಅಜ್ಜಿ."

ಸಂಜೆಗೆ ಶ್ವೇತಾಳ ಮೈ ಬೆಚ್ಚಗಾಯಿತು. ದಿನವಿಡೀ ಬಿಸಿಲಲ್ಲಿ ಕುಣಿದಿದ್ದಾಳೆ ಎಂದು ಅಮ್ಮ ಒದ್ದೆ ಬಟ್ಟೆ ಹಾಕಿದಳು. ಮರುದಿನ ಬೆಳಿಗ್ಗೆ ಗಂಜಿ ಉಣಿಸುವಾಗ ಅವಳ ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಸೆಟೆದು ಹೊಡೆದುಕೊಳ್ಳಲು ಶುರುವಾಯಿತು. ಬಾಯಿಯ ಬದಿಯಿಂದ ಗಂಜಿ ನೀರು ಇಳಿಯುತ್ತಿತ್ತು. ಅಮ್ಮ ಅವಳ ಹೆಸರು ಕೂಗುತ್ತಾ ಇದ್ದಳು, ದೂರದಲ್ಲಿರುವವರನ್ನು ಕರೆಯುವ ಹಾಗೆ. ಅಪ್ಪ ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿದ. ರಿಕ್ಷಾದ ಸದ್ದು ಉಡುಪಿಯ ಕಡೆಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಅಜ್ಜಿ, ಅರ್ಧ ಖಾಲಿಯಾದ ಕೋಣೆಗಳು. ನಡುಕೋಣೆಯ ತೊಲೆಯಲ್ಲಿ ತೊಟ್ಟಿಲ ಕೊಕ್ಕೆಗಳು ಮಾತ್ರ ಇದ್ದವು. ಅವುಗಳ ಕೆಳಗೆ ನಡೆದುಹೋಗಲು ನನ್ನಿಂದ ಆಗಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಕೋಣೆಗೆ ಹೋದೆ. ಅಜ್ಜಿ ಒಲೆಯ ಎದುರು ಕುಳಿತಿದ್ದಳು.

"ಎಂತದೋ ಮನೆಯಿಂದ ಹೋಗಿದೆ," ಎಂದಳು, ಬೆಂಕಿಗೆ ಹೇಳುವ ಹಾಗೆ.

ಇಪ್ಪತ್ತೇ ಇತ್ತೆಂದು ಹೇಳಿದ್ದರೆ ಅವಳು ಖಂಡಿತ ಹೊಡೆಯುತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಅದು ನಿಜವಾಗುತ್ತದೆ, ಶ್ವೇತಾ ಹಿಂದೆ ಬರುವುದಿಲ್ಲ ಎಂದು ಹೇಗೋ ನನಗೆ ಖಾತ್ರಿಯಾಗಿತ್ತು. ತೆನೆಯನ್ನು ಮೊದಲು ತರಬೇಕು. ಅಜ್ಜಿ ಬಾವಿಕಟ್ಟೆಗೆ ಹೋದಾಗ ಹೊರಬಿದ್ದೆ.

ಹೆದ್ದಾರಿ ದಾಟಿ ಶೆಡ್ಡುಗಳ ಹತ್ತಿರ ಹೋದೆ. ಗೋಣಿಚೀಲಗಳು ನಿಜಕ್ಕೂ ಇದ್ದವು, ಸಿಮೆಂಟಿನವು, ಬಾಗಿಲಿಗೆ ಪರದೆಯಾಗಿ ಹೊಲಿದವು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ತಗಡಿನ ಮಾಡಿನ ಕೆಳಗೆ ಸುಡುವ ಸೆಕೆ. ಮೂರನೆಯ ಶೆಡ್ಡಿನ ಬಾಗಿಲಲ್ಲಿ ರೇಣವ್ವ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಗುರುತಿಸಿ ನಕ್ಕಳು.

"ಬಾರಪ್ಪಾ. ತೊಟ್ಲಾ ನೋಡಾಕ ಬಂದಿಯೇನು? ನೀರು ಕುಡೀತಿ?"

ಒಳಗೆ ಅಡ್ಡ ಬಿದಿರಿಗೆ ನಮ್ಮ ತೊಟ್ಟಿಲು ಕಟ್ಟಿತ್ತು. ಅದರಲ್ಲಿ ಮಗು ಕಾಲು ಬಡಿಯುತ್ತಿತ್ತು. ತಲೆಯ ಕಡೆಯ ಹಗ್ಗದಲ್ಲಿ, ಕೆಂಪು ದಾರದಲ್ಲಿ ಬಿಗಿದ ಒಂದು ಭತ್ತದ ತೆನೆ.

"ಅದು ನಮ್ಮದು," ಎಂದೆ.

"ಯಾವುದು?"

"ತೆನೆ. ತೊಟ್ಟಿಲಿನಲ್ಲಿ ಇದ್ದದ್ದು. ನಮ್ಮದು."

ಅವಳ ನಗು ನಿಂತಿತು. ತೆನೆಯನ್ನು ನೋಡಿದಳು. ಆಮೇಲೆ ನನ್ನ ತಲೆಯ ಮೇಲಿನಿಂದ ಹಿಂದಿನ ದಾರಿಯನ್ನು ನೋಡಿದಳು.

"ನಿಮ್ಮ ಅಪ್ಪಾರು ಬಂದಾರೇನು?"

"ಇಲ್ಲ. ನಾನೊಬ್ಬನೇ."

ಅವಳು ಕೈಯ ಹಿಟ್ಟು ಒರೆಸಿಕೊಂಡು ಒಳಗೆ ಹೋದಳು. ತೊಟ್ಟಿಲಿನಿಂದ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಹಾಸಿದ್ದ ಬಟ್ಟೆಯನ್ನೂ ತೆಗೆದು ಹೆಗಲಿಗೆ ಹಾಕಿಕೊಂಡು, ಗೋಡೆಯ ಬದಿಗೆ ಸರಿದು ನಿಂತಳು. ನನಗೆ ಮಗುವನ್ನು ತೋರಿಸಲು ಎತ್ತಿಕೊಂಡಿದ್ದಾಳೆ ಅಂದುಕೊಂಡೆ. ನಮ್ಮ ಮನೆಗೆ ಬಂದವರಿಗೆ ಅಮ್ಮ ಶ್ವೇತಾಳನ್ನು ಹಾಗೆ ತೋರಿಸುತ್ತಿದ್ದಳು. ದಾರದ ಗಂಟು ಬಿಗಿಯಾಗಿತ್ತು, ಬೆರಳಿಗೆ ಬಗ್ಗಲಿಲ್ಲ, ಹಲ್ಲಿನಿಂದ ಕಚ್ಚಿ ಹರಿದೆ. ಮಗು ನನ್ನನ್ನೇ ನೋಡುತ್ತಿತ್ತು. ತೆನೆಯನ್ನು ಅಂಗಿಯೊಳಗೆ ಹಾಕಿಕೊಂಡು ಮನೆಯವರೆಗೆ ಓಡಿದೆ. ಭತ್ತದ ಮುಳ್ಳು ಹೊಟ್ಟೆಗೆ ಚುಚ್ಚುತ್ತಿದ್ದುದು ಈಗಲೂ ಗೊತ್ತಾಗುತ್ತದೆ.

ಮೂರನೆಯ ದಿನ ಶ್ವೇತಾ ಅಪ್ಪನ ಹೆಗಲ ಮೇಲೆ ಕುಳಿತು, ಕೈಯಲ್ಲಿ ಬನ್ನು ಹಿಡಿದುಕೊಂಡು ಬಂದಳು. ಜ್ವರ ನೆತ್ತಿಗೇರಿ ಹಾಗಾದದ್ದು, ಆ ಪ್ರಾಯದಲ್ಲಿ ಆಗುವುದುಂಟು ಎಂದಿದ್ದರಂತೆ ಡಾಕ್ಟರು. ಹೊರಡುವ ದಿನ ಅಜ್ಜಿ ಬೈರಾಸಿನ ಗಂಟನ್ನು ಮಡಿಲಲ್ಲಿಟ್ಟು ಬೆರಳಿನಿಂದ ತಡವಿ ಎಣಿಸಿದಳು. ಇಪ್ಪತ್ತೊಂದು. ಹೊಳೆಯ ಬದಿಗೆ ನನ್ನನ್ನೂ ಕರೆದುಕೊಂಡು ಹೋಗಿ ಎಲ್ಲವನ್ನೂ ನೀರಿಗೆ ಬಿಟ್ಟಳು. ಮಣಿಪಾಲದ ಮೂರನೆಯ ಮಹಡಿಯಲ್ಲಿ ನನ್ನ ಹೆದರಿಕೆಯ ಜೊತೆಗೆ ಒಂದು ಗುಟ್ಟಾದ ಹೆಮ್ಮೆಯೂ ಬೆಳೆಯಿತು. ತಂಗಿಯನ್ನು ಉಳಿಸಿದವನು ನಾನು.

ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಆ ಹೆಮ್ಮೆಯನ್ನು ಹೊರಗೆ ಹಾಕಿದೆ. ಒಂದರ ನಂತರ ಇನ್ನೊಂದು ಆಯಿತೆಂದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಕಲಿಸಲು ಶುರುಮಾಡಿದಾಗ ನನ್ನ ಮೊದಲ ಉದಾಹರಣೆಯೇ ತೆನೆ ಮತ್ತು ಜ್ವರ. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕಥೆಯ ಕೊನೆಗೆ ಬರುವ ರೇಣವ್ವನನ್ನು ಒಳ್ಳೆಯ ಹೆಂಗಸು ಎನ್ನುತ್ತಿದ್ದೆ: ಮಗುವನ್ನು ತೋರಿಸಿ, ತೆನೆಯನ್ನು ಸುಮ್ಮನೆ ಕೊಟ್ಟು ಕಳಿಸಿದಳು.

ಹೋದ ವರ್ಷ ಶ್ವೇತಾಳ ಮಗಳನ್ನು ತೊಟ್ಟಿಲಿಗೆ ಹಾಕುವ ಹಿಂದಿನ ದಿನ, ಅಮ್ಮ ತನ್ನ ಟ್ರಂಕಿನಿಂದ ಒಂದು ಪೌಡರ್ ಡಬ್ಬಿ ತೆಗೆದಳು. ಶ್ವೇತಾಳ ಎಳೆಯ ಕೈಯ ಕಪ್ಪು ಬಳೆಗಳನ್ನು ಮೊಮ್ಮಗಳಿಗೆ ಹಾಕಬೇಕೆಂದು. ಬಳೆಗಳ ಜೊತೆ ಮಡಿಸಿದ ಬಟ್ಟೆಯೊಂದು ಹೊರಬಂತು. ಅದರೊಳಗೆ ಹೊಗೆ ಹಿಡಿದು ಕಪ್ಪಾದ, ಮರದ ನಾರು ಸುತ್ತಿದ ತೆನೆ.

"ಇದು ಎಂತ ಅಮ್ಮ?"

"ಇವಳ ತೊಟ್ಟಿಲಿನದ್ದು. ಸಾಮಾನು ಮಾರಿದ ದಿನ ಬೆಳಿಗ್ಗೆಯೇ ನಾನು ಬಿಚ್ಚಿ ಇಟ್ಟಿದ್ದೆ. ನೀನು ಮರೆತರೆ ಅಂತ."

"ಅಜ್ಜಿಗೆ ಹೇಳಲಿಲ್ವಾ?"

"ಹೇಳಿದರೆ ಹೊಳೆಗೆ ಬಿಡ್ತಿದ್ದರು. ನನಗೆ ಇದೊಂದು ಬೇಕಿತ್ತು." ಅಮ್ಮ ತೆನೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ಇಪ್ಪತ್ತೊಂದು ಹೇಗೆ ಸರಿ ಬಂತೋ ಗೊತ್ತಿಲ್ಲ ಮಾರಾಯ. ಆಗಲೇ ಅಜ್ಜಿಗೆ ಕಣ್ಣು ಅಷ್ಟು ಕಾಣ್ತಿರಲಿಲ್ಲ ಅಲ್ವಾ."

ನಾನು ಮನೆಗೆ ಬಂದೆ. ನಮ್ಮ ತೆನೆಗಳನ್ನು ಅಜ್ಜಿ ಒಂದು ದಿನವೂ ದಾರದಲ್ಲಿ ಕಟ್ಟಿದವಳಲ್ಲ. ಹಾಗಾದರೆ ಆ ಕೆಂಪು ದಾರ? ಅಮ್ಮನ ಮಾತು ಕೇಳಿದ ಮೇಲೆ ನಾನೇ ಅದನ್ನು ಹುಟ್ಟಿಸಿಕೊಂಡೆನೋ ಎಂದು ಆಸೆಯಿಂದ ಅನುಮಾನಪಟ್ಟೆ. ನನ್ನ ನೆನಪು ಸುಳ್ಳಾಗಲಿ ಎಂದು ಅಷ್ಟು ಬಯಸಿದ್ದು ಅದೇ ಮೊದಲು. ಕಪಾಟಿನಿಂದ ಮೊದಲ ವರ್ಷದ ಪಾಠದ ಟಿಪ್ಪಣಿಗಳನ್ನು ತೆಗೆದೆ. ಹಳದಿಯಾದ ಹಾಳೆಯಲ್ಲಿ ನನ್ನದೇ ಅಕ್ಷರ: ಮಕ್ಕಳಿಗೆ ದಾರದ ಬಣ್ಣ ಹೇಳುವುದು, ಕೆಂಪು, ಕಥೆ ಮನಸ್ಸಿನಲ್ಲಿ ನಿಲ್ಲುತ್ತದೆ. ಡಬ್ಬಿ ತೆರೆಯುವುದಕ್ಕೆ ಎಷ್ಟೋ ವರ್ಷ ಮೊದಲು ಬರೆದದ್ದು. ನಮ್ಮ ಸಾಮಾನುಗಳಲ್ಲಿ ಕಂಡ ಹಾಗೆಯೇ ರೇಣವ್ವ ಯಾರದೋ ಗದ್ದೆಯ ಹುಣಿಯಲ್ಲಿ ನಿಂತು ಕೇಳಿ ತಂದು, ತನ್ನ ಮಗುವಿಗೆಂದು, ಹೊಸ ತೊಟ್ಟಿಲಿಗೆ ತಾನೇ ಕಟ್ಟಿದ ತೆನೆ ಅದು. ನಾನು ಹಲ್ಲಿನಿಂದ ಕಚ್ಚಿ ಹರಿದುಕೊಂಡು ಬಂದದ್ದು.

ಒಂದು ತೆನೆ ಹೋದರೆ ಒಂದು ಮಗುವಿಗೆ ಏನೂ ಆಗುವುದಿಲ್ಲ. ಇದನ್ನು ನಾನು ಬಲ್ಲೆ, ಇದನ್ನೇ ಕಲಿಸುತ್ತೇನೆ. ಆದರೂ ಕಟಪಾಡಿಗೆ ಹೋಗಿ ಹೆದ್ದಾರಿಯ ಆಚೆ ಹುಡುಕಿದೆ. ಶೆಡ್ಡುಗಳಿದ್ದ ಕಡೆ ಈಗ ಗ್ಯಾರೇಜು, ಎಳನೀರಿನ ಅಂಗಡಿ. ಆ ಹೆಸರಿನವರನ್ನು ಯಾರೂ ಅರಿಯರು. ಎಳನೀರು ಕುಡಿಯುತ್ತಾ ನಿಂತಾಗ ಆ ಮಧ್ಯಾಹ್ನ ಮತ್ತೆ ಎದುರು ಬಂತು, ಈ ಸಲ ಇಡೀ. ಹೆಗಲ ಮೇಲೆ ತೊಟ್ಟಿಲಿನ ಬಟ್ಟೆ. ಗೋಡೆಗೆ ಒತ್ತಿ ನಿಂತ ಮೈ. ಹಿಂದೆ ದೊಡ್ಡವರು ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯ ಮೇಲಿದ್ದ ಕಣ್ಣು. ಅವಳು ನನಗೆ ಮಗುವನ್ನು ತೋರಿಸುತ್ತಿರಲಿಲ್ಲ. ನಾನು ತೊಟ್ಟಿಲನ್ನೂ ಒಯ್ಯಲು ಬಂದವನೆಂದು ತಿಳಿದು, ಅದನ್ನು ಖಾಲಿ ಮಾಡಿ ಕೊಟ್ಟಿದ್ದಳು.